ಜೌಗಿನಿಂದ ಎತ್ತಿದ ಪೈನ್ ಬೊಡ್ಡೆ: ಮೂರು ಹೋಳು, ಅದರಲ್ಲಿ ಒಂದು ಹಾಳು

ಒಂಬತ್ತು ತಿಂಗಳ ಹಿಂದೆ ಹಿಡಿದ ಕೆಲಸ ಇದು. ಮುಗಿಯಿತು ಅಂತ ಹೇಳಲಾರೆ. ಇಲ್ಲಿಂದ ಮುಂದೆ ಹೋಗಬೇಕಾದರೆ ಜಾಸ್ತಿ ದುಡ್ಡು ಬೇಕು, ಹಾಗಾಗಿ ಇಲ್ಲಿವರೆಗೆ ಆದದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಬಹುಶಃ ಸಾವಿರಾರು ವರ್ಷ ಜೌಗಿನೊಳಗೆ ನೆನೆದಿದ್ದ ಪೈನ್ ಮರದ ಬುಡವನ್ನು ಕೊಯ್ದು, ಒಣಗಿಸಿ, ನುಣುಪು ಮಾಡಿ, ಮರ ವರ್ಷಕ್ಕೊಂದರಂತೆ ಒಳಗೆ ತೊಡುವ ಬಳೆ ಎಣಿಸಿದ ಲೆಕ್ಕ. ಒಟ್ಟು ಖರ್ಚು 142 ಯೂರೋ. ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಸುಮ್ನೆ ಹೋಯಿತು, ಯಾಕೆ ಹೋಯಿತು ಅಂತಲೂ ಹೇಳುತ್ತೇನೆ.

ನಾವಿರುವುದು ಐರ್ಲೆಂಡಿನ ಪಶ್ಚಿಮದಲ್ಲಿ, ಮೇಯೊ ಕೌಂಟಿ. ಮಳೆ ಮಲೆನಾಡಿನ ನಮ್ಮ ಸಾಗರ ಊರಿನ ಹಾಗೆ ಧೋ ಅಂತ ಸುರಿದು ನಿಲ್ಲುವುದಿಲ್ಲ, ವರ್ಷವಿಡೀ ಜಿಟಿಜಿಟಿ. ನೆಲದಲ್ಲಿ ನೀರು ಇಳಿಯುವುದೇ ಇಲ್ಲ. ಪಾಚಿ, ಹುಲ್ಲು ಸತ್ತರೂ ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂತು ಕಪ್ಪಗೆ ಮೆತ್ತನೆಯ ಮಣ್ಣಿನಂತಾಗುತ್ತವೆ. ಅದೇ ಪೀಟ್. ಊರವರು ಟರ್ಫ್ ಅನ್ನುತ್ತಾರೆ, ಇಟ್ಟಿಗೆಯ ಹಾಗೆ ಕೊಯ್ದು ಒಣಗಿಸಿ ಒಲೆಗೆ ಹಾಕುತ್ತಾರೆ. ಪಕ್ಕದ ಮನೆಯ ಅಜ್ಜನಿಗೆ ಅಂಥ ಒಂದು ಪಟ್ಟೆ ಜಾಗ ಇದೆ, ಸ್ವಂತಕ್ಕೆ ಕೊಯ್ದುಕೊಳ್ಳುವ ಹಕ್ಕು ತಲೆತಲಾಂತರದಿಂದ ಬಂದದ್ದು. ಅಲ್ಲಿ ಸಿಕ್ಕಿದ್ದು ಈ ಬೊಡ್ಡೆ.

ಜೂನ್ 8: ಸಿಕ್ಕ ದಿನ

ಅಜ್ಜ ಬೇಲಿಯಾಚೆಯಿಂದ ಕೂಗಿ ಕರೆದರು. ಟರ್ಫ್ ಕೊಯ್ಯುವ ಯಂತ್ರಕ್ಕೆ ಏನೋ ತಾಗಿ ನಿಂತಿತ್ತು. ನೋಡಿದರೆ ಮರದ ಬುಡ, ಬೇರು ಸಮೇತ. ಅವರಿಗೆ ಇದು ಹೊಸದೇನಲ್ಲ. ಇಂಥದಕ್ಕೆ ಇಲ್ಲಿ ಬಾಗ್ ಡೀಲ್ ಅಂತ ಹೆಸರೇ ಇದೆ. ಸುಮಾರು ಮನೆಗಳ ಅಂಗಳದಲ್ಲಿ ಅಲಂಕಾರಕ್ಕೆ ನಿಲ್ಲಿಸಿರುತ್ತಾರೆ. ಬೇಕಾದರೆ ತೆಗೆದುಕೋ, ಇಲ್ಲದಿದ್ದರೆ ಒಲೆಗೆ ಅಂದರು. ಅಪ್ಪ ಮರಗೆಲಸದವರು, ನಾನು ಹುಟ್ಟಿ ಬೆಳೆದದ್ದೇ ಹೊಟ್ಟು, ಸಿಪ್ಪೆಯ ಮಧ್ಯೆ. ಬೇಡ ಅನ್ನಲು ಬಾಯಿ ಬರಲಿಲ್ಲ.

ಟೇಪು ಹಿಡಿದು ಅಳೆದದ್ದು: ಬೊಡ್ಡೆಯ ಎತ್ತರ 62 ಸೆಂ.ಮೀ. ತುದಿ ಕೆತ್ತಿದ ಪೆನ್ಸಿಲ್‌ನ ಹಾಗೆ ಚೂಪು. ಬೇರಿನ ಹರವು ಒಂದು ಕಡೆ 2.1 ಮೀಟರ್, ಇನ್ನೊಂದು ಕಡೆ 1.7. ತಾಯಿಬೇರು ಅಂತ ಒಂದೂ ಇಲ್ಲ. ಎಲ್ಲ ಬೇರೂ ತಟ್ಟೆಯ ಹಾಗೆ ಅಡ್ಡಡ್ಡ ಹರಡಿವೆ. ಕೆಳಗೆ ನೀರು ನಿಂತಿತ್ತು, ಬೇರಿಗೆ ಉಸಿರಾಡಲು ಜಾಗ ಇರಲಿಲ್ಲ, ಅದಕ್ಕೆ ಮೇಲೆ ಮೇಲೆಯೇ ಹೋಗಿವೆ. ಬೇರಿನ ಕೆಳಗೆ ಗುದ್ದಲಿ ಹಾಕಿ ಅಗೆದೆ. 48 ಸೆಂ.ಮೀ. ಪೀಟ್, ಆಮೇಲೆ ಬೂದು ಜೇಡಿ ಮತ್ತು ಕಲ್ಲು.

ಈ 48 ಸೆಂಟಿಮೀಟರ್ ಅಳತೆಯನ್ನು ಬರೆದಿಟ್ಟುಕೊಂಡದ್ದು ಇಡೀ ಕೆಲಸದಲ್ಲಿ ನಾನು ಮಾಡಿದ ಒಂದೇ ಜಾಣತನ. ಬೊಡ್ಡೆ ನೇರ ಜೇಡಿಯ ಮೇಲೆ ಕೂತಿದ್ದರೆ ಮೊದಲು ಕಾಡಿತ್ತು, ಜೌಗು ಆಮೇಲೆ ಬಂದು ಅದನ್ನು ಮುಳುಗಿಸಿತು ಅಂತ ಆಗುತ್ತಿತ್ತು. ಇಲ್ಲಿ ಉಲ್ಟಾ. ಜೌಗು ಮೊದಲೇ ಇತ್ತು. ನಡುವೆ ಯಾವಾಗಲೋ ಅದರ ಮೇಲ್ಮೈ ಒಣಗಿತು, ಪೈನ್ ಬೀಜ ಬಿದ್ದು ಬೇರೂರಿತು, ಮತ್ತೆ ನೀರು ಏರಿತು.

ಮರೆತದ್ದು ಎರಡು. ಉತ್ತರ ದಿಕ್ಕನ್ನು ಬೊಡ್ಡೆಯ ಮೇಲೆ ಗುರುತು ಹಾಕಲಿಲ್ಲ. ಬೊಡ್ಡೆಯ ಮೇಲೆ ಎಷ್ಟು ಪೀಟ್ ಇತ್ತು ಅಂತ ಅಳೆಯಲಿಲ್ಲ. ಅಳೆಯಲು ಉಳಿದೂ ಇರಲಿಲ್ಲ ಅನ್ನಿ, ಎಷ್ಟೋ ವರ್ಷದಿಂದ ಕೊಯ್ದು ಒಲೆಗೆ ಹಾಕಿಯಾಗಿದೆ. ಅಜ್ಜನ ಪ್ರಕಾರ ಅವರಪ್ಪನ ಕಾಲದಲ್ಲಿ ನೆಲ ಈಗಿರುವುದಕ್ಕಿಂತ ಆಳೆತ್ತರ ಮೇಲಿತ್ತು. ಆದರೆ ಪಕ್ಕದಲ್ಲಿ ಕೊಯ್ಯದೆ ಬಿಟ್ಟ ದಿಬ್ಬವೊಂದಿತ್ತು. ಅದರ ಎತ್ತರ ತೆಗೆದುಕೊಳ್ಳಬಹುದಿತ್ತು. ಹೊಳೆಯಲಿಲ್ಲ.

ಜೂನ್ 15: ಕೊಯ್ಲು

ಅಜ್ಜನ ಚೈನ್ ಸಾ, ಅಜ್ಜನದೇ ಕೈ. ನಾನು ಹಿಡಿದುಕೊಂಡು ನಿಂತದ್ದಷ್ಟೇ. ಮೊದಲ ಹೋಳನ್ನು ತೀರಾ ಕೆಳಗೆ, ಬೇರು ಹಬ್ಬಿಕೊಳ್ಳುವ ಜಾಗದಲ್ಲೇ ಹಾಕಿಸಿದೆ, ದೊಡ್ಡದಾಗಿ ಸಿಗಲಿ ಅಂತ ಆಸೆ. ಅದು ತಪ್ಪು. ಬುಡದಲ್ಲಿ ಬಳೆಗಳು ಬೇರಿನ ಕಡೆ ಹಿಗ್ಗುತ್ತವೆ, ಎರಡು ಬೇರಿನ ನಡುವೆ ಕುಗ್ಗಿ ಒಂದರೊಳಗೊಂದು ಸೇರಿಹೋಗುತ್ತವೆ. ಎಣಿಸಲು ಆಗುವುದೇ ಇಲ್ಲ. ಬೇರಿನ ಕವಲಿನಲ್ಲಿ ಸಿಕ್ಕಿಕೊಂಡಿದ್ದ ಬಿಳಿಕಲ್ಲಿಗೆ ತಾಗಿ ಚೈನಿನ ಹಲ್ಲೂ ಹೋಯಿತು. ಹೊಸ ಚೈನ್ 24 ಯೂರೋ, ನಾನೇ ಕೊಟ್ಟೆ. ಅಜ್ಜ ಬೇಡ ಅಂದರು, ಆದರೆ ಮುಖ ಬೇಕು ಅನ್ನುತ್ತಿತ್ತು.

ಆಮೇಲೆ 30 ಸೆಂ.ಮೀ. ಮೇಲೆ ಹೋಗಿ ಎರಡು ಹೋಳು ತೆಗೆದೆವು. ಮೂರನ್ನೂ ಹೀಗೆ ಕರೆಯುತ್ತೇನೆ:

ಹೋಳು 1: ಬುಡದ್ದು, ಸುಮಾರು 36 ಸೆಂ.ಮೀ. ಅಗಲ, 9 ಸೆಂ.ಮೀ. ದಪ್ಪ, ತೂಕ 9.3 ಕೆ.ಜಿ.
ಹೋಳು 2: 28 ಸೆಂ.ಮೀ. ಅಗಲ, 7 ದಪ್ಪ, 4.5 ಕೆ.ಜಿ.
ಹೋಳು 3: ಅಷ್ಟೇ ಅಗಲ, 4 ದಪ್ಪ, 2.5 ಕೆ.ಜಿ.

ಕೊಯ್ದ ಕೂಡಲೇ ಬಂದ ವಾಸನೆ ಹೇಳಲೇಬೇಕು. ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದ ಹಾಗೆ ಘಮ್ ಅಂತು. ಒಳಗೆ ಕಿತ್ತಳೆ ಬಣ್ಣ, ನೋಡುನೋಡುತ್ತಿದ್ದ ಹಾಗೆ ಗಾಳಿಗೆ ಕಂದಿ ಕಂದು ಬಣ್ಣವಾಯಿತು. ಇಷ್ಟು ಕಾಲ ಆದಮೇಲೂ ರಾಳ ಹಾಗೇ ಇದೆ. ಹಿಂದೆ ಇಲ್ಲಿಯವರು ಇದನ್ನು ಸಣ್ಣಗೆ ಸೀಳಿ ದೀಪದ ಬದಲು ಹೊತ್ತಿಸುತ್ತಿದ್ದರಂತೆ, ನಮ್ಮ ಕಡೆಯ ದೊಂದಿಯ ಹಾಗೆ. ನಾರು ಹೊಸೆದು ಹಗ್ಗವನ್ನೂ ಮಾಡುತ್ತಿದ್ದರು. ಒಂದು ಚಕ್ಕೆಗೆ ಬೆಂಕಿ ಕಡ್ಡಿ ಗೀರಿ ನೋಡಿದೆ. ಕಪ್ಪು ಹೊಗೆ ಬಿಟ್ಟುಕೊಂಡು ಚಟಪಟ ಉರಿಯಿತು, ಒದ್ದೆಯಿದ್ದರೂ.

ಪಳೆಯುಳಿಕೆ ಅಂದರೆ ಕಲ್ಲಾಗಿರಬೇಕಲ್ವಾ ಅಂತ ಕೇಳುವವರಿಗೆ: ಇದು ಕಲ್ಲಾಗಿಲ್ಲ. ತಮಿಳುನಾಡಿನ ತಿರುವಕ್ಕರೈಯಲ್ಲಿ ನೋಡುತ್ತೀರಲ್ಲ, ಸುಮಾರು 2 ಕೋಟಿ ವರ್ಷ ಹಳೆಯ ಮರದ ದಿಮ್ಮಿಗಳು, ಅವು ಪೂರಾ ಕಲ್ಲು. ಜೌಗಿನ ಪೈನ್ ಇನ್ನೂ ಮರವೇ. ಗಾಳಿ ತಾಗದ್ದರಿಂದ ಕೊಳೆಯದೆ ಉಳಿದಿದೆ. ಅರ್ಧ ಪಳೆಯುಳಿಕೆ ಅನ್ನಿ. ನನಗಂತೂ ಅನುಕೂಲವೇ ಆಯಿತು, ಕಲ್ಲು ಕೊಯ್ಯುವ ಗರಗಸ ಎಲ್ಲಿಂದ ತರಲಿ?

ಜೂನ್ 16ರಿಂದ 25: ಹೋಳು 1 ಹಾಳಾದದ್ದು

ಇಲ್ಲಿಯ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕ್ ಇಡುವ ಕಪಾಟೊಂದು ಇರುತ್ತದೆ, ಹಾಟ್ ಪ್ರೆಸ್ ಅನ್ನುತ್ತಾರೆ. ಒದ್ದೆ ಬಟ್ಟೆ ಅಲ್ಲಿ ಒಂದು ರಾತ್ರಿಗೆ ಗರಿಗರಿ. ಮರವೂ ಹಾಗೇ ಒಣಗುತ್ತದೆ ಅಂತ ಹೋಳು 1ನ್ನು ಒಯ್ದು ಅಲ್ಲಿಟ್ಟೆ.

ಮೂರನೇ ದಿನ ಟಪ್ ಅಂತ ಶಬ್ದ. ತೆಗೆದು ನೋಡಿದರೆ ಅಂಚಿನಿಂದ ಕೂದಲೆಳೆಯಷ್ಟು ಬಿರುಕು. ಒಂಬತ್ತನೇ ದಿನಕ್ಕೆ ಅದು ಅಂಚಿನಲ್ಲಿ 21 ಮಿ.ಮೀ. ಬಾಯಿ ತೆರೆದು ನಡು ತಿರುಳಿನವರೆಗೆ ಹೋಗಿತ್ತು, ಕತ್ತರಿಸಿದ ಕಲ್ಲಂಗಡಿಯ ಹಾಗೆ. ತೂಕ 6.4 ಕೆ.ಜಿ.ಗೆ ಇಳಿದಿತ್ತು. 19 ಯೂರೋ ಕೊಟ್ಟು ತೇವ ಅಳೆಯುವ ಮೀಟರ್ ತಂದಿದ್ದೆ. ಮೊದಲ ದಿನವೂ ಪೂರ್ತಿ ಕೆಂಪು, ಒಂಬತ್ತನೇ ದಿನವೂ ಪೂರ್ತಿ ಕೆಂಪು. ಅಂಥ ಒದ್ದೆ ಮರಕ್ಕೆ ಅದು ಮಾಡಿದ್ದೇ ಅಲ್ಲ. ಯಾರೂ ತರಬೇಡಿ. 12 ಯೂರೋದ ಲಗೇಜ್ ತೂಗುವ ಕೊಕ್ಕೆ ತಕ್ಕಡಿಯೇ ಸಾಕು, ತೂಕ ಇಳಿಯುವುದು ನಿಂತರೆ ಒಣಗಿತು ಅಂತ ಅರ್ಥ.

ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು.

"ಅಲ್ಲ ಪುಟ್ಟಿ, ಹಸಿ ಮರಾನ ಯಾರಾದ್ರೂ ಬಿಸಿಗೆ ಇಡ್ತಾರಾ? ನಮ್ಮನೇಲಿ ಏನು ನೋಡ್ಕೊಂಡು ಬೆಳೆದೆ ನೀನು? ನೆರಳಲ್ಲಿಡು. ಕೊಯ್ದ ಮುಖಕ್ಕೆ ಸಗಣಿ ಮೆತ್ತು."

ನಿಜ. ದಿಮ್ಮಿಗಳ ತಲೆಗೆ ಸಗಣಿ ಬಳಿದಿಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಅದು ಯಾಕೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಕೊಯ್ದ ಮುಖದಿಂದ ನೀರು ಬೇಗ ಹೋಗುತ್ತದೆ, ಪಕ್ಕದಿಂದ ನಿಧಾನ. ಮೇಲಾಗಿ ಮರ ಬಳೆಯ ಸುತ್ತ ಕುಗ್ಗುವುದು ನಡುವಿನಿಂದ ಅಂಚಿಗೆ ಕುಗ್ಗುವುದರ ಹತ್ತಿರ ಹತ್ತಿರ ಎರಡು ಪಟ್ಟು. ದುಂಡಗಿನ ಹೋಳಿಗೆ ಒಡೆಯದೆ ಬೇರೆ ದಾರಿಯೇ ಇಲ್ಲ. ಮುಖ ಮುಚ್ಚಿದರೆ ಎಲ್ಲ ಕಡೆಯೂ ಒಂದೇ ಸಮ ನಿಧಾನ.

ಇಲ್ಲಿ ದನಕ್ಕೇನೂ ಬರವಿಲ್ಲ. ಆದರೆ ಬಾಡಿಗೆ ಮನೆ. ನಮ್ಮವರು ಸಗಣಿ ಅಂತ ಕೇಳಿದ ಕೂಡಲೇ ಎದ್ದು ಒಳಗೆ ಹೋದರು.

ಜೂನ್ 27ರಿಂದ ಫೆಬ್ರವರಿ: ಹೋಳು 2, ನಿಧಾನದ ದಾರಿ

ಸಗಣಿಯ ಬದಲು ಮರಕ್ಕೆ ಹಾಕುವ ಬಿಳಿ ಗೋಂದು, 9 ಯೂರೋ. ಎರಡೂ ಮುಖಕ್ಕೆ ಎರಡೆರಡು ಸಲ ಬಳಿದೆ. ಅದಕ್ಕೂ ಮೊದಲು ಅಪ್ಪ ಹೇಳಿದ ಇನ್ನೊಂದು ಉಪಾಯ: ಎಲ್ಲಿ ಒಡೆದರೆ ನಷ್ಟವಿಲ್ಲವೋ ಅಲ್ಲಿ ನಾವೇ ಅಂಚಿನಿಂದ ತಿರುಳಿನವರೆಗೆ ಒಂದು ಗರಗಸದ ಗೀರು ಕೊಡುವುದು. ಮರ ಹೇಗೂ ಒಂದು ಕಡೆ ಬಾಯಿ ಬಿಡಬೇಕು, ಅದಕ್ಕೆ ಬಾಗಿಲು ನಾವೇ ತೋರಿಸುವುದು. ಗಂಟು ಇದ್ದ ಕಡೆ ಗೀರು ಹಾಕಿದೆ. ಆಮೇಲೆ ಆರು ಸುತ್ತು ಹಳೇ ಪೇಪರ್, ಹಿತ್ತಲ ಶೆಡ್ಡಿನಲ್ಲಿ ಇಟ್ಟಿಗೆಯ ಮೇಲೆ.

ತೂಕ: ಜೂನ್ 4.5 ಕೆ.ಜಿ., ಆಗಸ್ಟ್ 3.9, ಅಕ್ಟೋಬರ್ 3.4, ಡಿಸೆಂಬರ್ 3.0, ಜನವರಿ 2.8, ಫೆಬ್ರವರಿ 2.75. ಗೀರು 3 ಮಿ.ಮೀ. ಇದ್ದದ್ದು 14 ಮಿ.ಮೀ. ಅಗಲವಾಯಿತು. ಬೇರೆ ಎಲ್ಲೂ ಒಡೆಯಲಿಲ್ಲ. ಆಗಸ್ಟಿನಲ್ಲಿ ಬಿಳಿ ಬೂಷ್ಟು ಬಂತು, ಒರೆಸಿ ಪೇಪರ್ ಬದಲಾಯಿಸಿದೆ. ಇಷ್ಟೇ. ಏಳೂವರೆ ತಿಂಗಳಲ್ಲಿ ಹೇಳುವಂಥದ್ದು ಬೇರೇನೂ ಆಗಲಿಲ್ಲ, ಕಾದದ್ದೇ ಕೆಲಸ.

ಈ ಹೋಳಿನಲ್ಲಿ ಆದ ದೊಡ್ಡ ತಪ್ಪು ಒಣಗಿಸುವುದರಲ್ಲಿ ಅಲ್ಲ. ಗೋಂದು ಬಳಿಯುವ ಮೊದಲು ಅಂಚಿನ ಕೆಸರು ಹೋಗಲಿ ಅಂತ ತಂತಿ ಬ್ರಷ್ ಹಾಕಿ ಗಸಗಸ ಉಜ್ಜಿದೆ. ಹೊರಗಿನ ಮರ ಸ್ಪಂಜಿನ ಹಾಗೆ ಮೆತ್ತಗಾಗಿತ್ತು, ಕೆಸರಿನ ಜೊತೆ ಅದೂ ಎದ್ದು ಬಂತು. ಒಳಗಿನ ಗಟ್ಟಿ ಕೆಚ್ಚು ಕಂಡಾಗ ಚೆನ್ನಾಗಿ ಸ್ವಚ್ಛವಾಯಿತು ಅಂತ ಖುಷಿಪಟ್ಟೆ. ಮರ ಸಾಯುವ ಮುಂಚಿನ ವರ್ಷಗಳೆಲ್ಲ ಇರುವುದು ಆ ಮೆತ್ತನೆಯ ಅಂಚಿನಲ್ಲೇ. ಅದನ್ನು ನಲ್ಲಿ ನೀರಿನಲ್ಲಿ ತೊಳೆದು ಬಿಟ್ಟಿದ್ದೆ. ಗೊತ್ತಾದದ್ದು ನಾಲ್ಕು ತಿಂಗಳಾದ ಮೇಲೆ.

ಅಕ್ಟೋಬರ್ 12ರಿಂದ 20: ಹೋಳು 3, ಫ್ರೀಜರ್

ಹೋಳು 3ನ್ನು ಮೊದಲಿನಿಂದಲೂ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒದ್ದೆಯಾಗಿಯೇ ಇಟ್ಟಿದ್ದೆ. ಅದಕ್ಕೆ ಬ್ರಷ್ ತಾಗಿಸಿರಲಿಲ್ಲ. ಜಾಣತನದಿಂದಲ್ಲ, ಸೋಮಾರಿತನದಿಂದ.

ಒದ್ದೆಯಿದ್ದಾಗಲೇ ಬಳೆ ಕಾಣುವ ಹಾಗೆ ಮಾಡಲು ಮೂರು ಪ್ರಯತ್ನ. ಮೊದಲು ಉಪ್ಪು ಕಾಗದ: ಮೇಲ್ಮೈ ರಾಗಿ ಗಂಜಿಯಾಯಿತು. ಎರಡನೆಯದು ಬ್ಲೇಡಿನಿಂದ ಸವರುವುದು: ಬಳೆಯ ಗಾಢ ಭಾಗ ನಿಲ್ಲುತ್ತದೆ, ತಿಳಿ ಭಾಗ ಹಿಂಜಿ ಬರುತ್ತದೆ. ಮೂರನೆಯದು ಹೆಪ್ಪುಗಟ್ಟಿಸುವುದು. ನೀರಲ್ಲಿ ನೆನೆದ ಹಳೇ ಮರಕ್ಕೆ ಬಳೆ ಎಣಿಸುವವರು ಇದನ್ನೇ ಮಾಡುತ್ತಾರೆ, ಒಳಗಿನ ನೀರು ಮಂಜಾದರೆ ಮರ ಗಟ್ಟಿ ನಿಲ್ಲುತ್ತದೆ.

ನಮ್ಮ ಫ್ರೀಜರ್ ತುಂಬ ಹಲಸಿನ ಸೊಳೆ, ತುರಿದ ಕಾಯಿ. ಅವುಗಳ ಮಧ್ಯೆ 28 ಸೆಂ.ಮೀ. ಹೋಳು ಕೂರಿಸಲು ನಮ್ಮವರ ಜೊತೆ ಒಂದು ಸಂಜೆಯಿಡೀ ಮಾತುಕತೆ ಆಯಿತು. ಎರಡು ಪದರ ಪ್ಲಾಸ್ಟಿಕ್ ಸುತ್ತುತ್ತೇನೆ, ಕಾಯಿಗೆ ಟರ್ಪೆಂಟೈನ್ ವಾಸನೆ ಬಂದರೆ ಹೊಸ ಕಾಯಿ ನಾನೇ ತುರಿಯುತ್ತೇನೆ ಅಂತ ಒಪ್ಪಂದ.

ಮೈನಸ್ 18 ಡಿಗ್ರಿ, 48 ಗಂಟೆ. ಹೊರತೆಗೆದ ಮೇಲೆ ಕೈಗೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ, ಆಮೇಲೆ ಮೇಲ್ಮೈ ಕರಗಿ ಮತ್ತೆ ಗಂಜಿ. ನಾಲ್ಕು ಸಲ ಒಳಗೆ ಹೊರಗೆ ಮಾಡಿ, ಸ್ಟ್ಯಾನ್ಲಿ ಚಾಕುವಿನ ಹೊಸ ಬ್ಲೇಡಿನಲ್ಲಿ ತಿರುಳಿನಿಂದ ಅಂಚಿನವರೆಗೆ 4 ಸೆಂ.ಮೀ. ಅಗಲದ ಒಂದೇ ಪಟ್ಟಿ ಸವರಿದೆ. ಬ್ಲೇಡಿಗೆ 8 ಯೂರೋ, ಹನ್ನೊಂದು ಬ್ಲೇಡ್ ಮುಗಿದವು. ಕೊನೆಗೆ ಮಕ್ಕಳ ಬಿಳಿ ಚಾಕ್ ಉಜ್ಜಿದೆ. ಪುಡಿ ತಿಳಿ ಭಾಗದ ಸಣ್ಣ ರಂಧ್ರಗಳಲ್ಲಿ ಕೂತು ಬಳೆಗಳು ಎದ್ದು ಕಂಡವು, ಶಾಲೆಯ ಬೋರ್ಡಿನ ಮೇಲೆ ಗೆರೆ ಎಳೆದ ಹಾಗೆ. 14 ಯೂರೋದ ಹತ್ತು ಪಟ್ಟು ಭೂತಗನ್ನಡಿಯಲ್ಲಿ ರಾಳದ ನಾಳಗಳೂ ಕಂಡವು, ಗಾಢ ಭಾಗದಲ್ಲಿ ಸೂಜಿ ಚುಚ್ಚಿದಂಥ ಚುಕ್ಕೆಗಳು. ಇದು ಪೈನ್ ಅಂತ ನನಗೆ ಪಕ್ಕಾ ಆದದ್ದು ಅಲ್ಲಿ. ಇಲ್ಲಿಯ ಜೌಗಿನಲ್ಲಿ ಸಿಗುವ ಓಕ್, ಯೂ ಮರಗಳಿಗೆ ಆ ನಾಳ ಇಲ್ಲ. ಜಾತಿ ಸ್ಕಾಟ್ಸ್ ಪೈನ್, ಈ ಕಡೆ ಜೌಗಿನಲ್ಲಿ ಸಿಗುವ ಪೈನ್ ಅದೊಂದೇ.

ಅಂಚಿನಲ್ಲಿ ಒಂದು ಕಡೆ ಎರಡು ಬೆರಳಗಲ ಕಂದು ಹೊಪ್ಪಳೆ ಅಂಟಿಕೊಂಡಿತ್ತು. ತೊಗಟೆ! ಅಂದರೆ ಕೊನೆಯ ಬಳೆಯೂ ಇದೆ.

ಇನ್ನೊಂದು ಕಡೆ ಕಪ್ಪು ಮಚ್ಚೆ ಕಂಡು ಕಾಡುಕಿಚ್ಚಿನ ಗಾಯ ಅಂತ ಅಂದುಕೊಂಡು ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಜೌಗಿನ ಪೈನ್‌ಗಳಲ್ಲಿ ಸುಟ್ಟ ಗಾಯ ಸಿಗುವುದುಂಟು. ಆದರೆ ಇದ್ದಿಲಾಗಿದ್ದರೆ ಉಗುರಿಗೆ ಪುಡಿಯಾಗಿ ಬೆರಳು ಕಪ್ಪಾಗಬೇಕು. ಇದು ಅಂಟಂಟು, ಬಿಸಿ ಸೂಜಿ ಚುಚ್ಚಿದರೆ ಕರಗಿ ಘಮ್ ಅಂತು. ಬರೀ ರಾಳ. ಹೇಳಿದವರಿಗೆಲ್ಲ ವಾಪಸ್ ಹೇಳಬೇಕಾಯಿತು.

ಫೆಬ್ರವರಿ 15, 16, 22: ಉಜ್ಜಿದ್ದು

ಹೋಳು 2 ಒಣಗಿದ ಮೇಲೆ ಸುಲಭ ಅಂದುಕೊಂಡಿದ್ದೆ. ಅಜ್ಜನ ಮಗನ ಕರೆಂಟ್ ಸ್ಯಾಂಡರ್ ತಂದು 80ರ ಉಪ್ಪು ಕಾಗದದ ಹಾಳೆ (ಸಂಖ್ಯೆ ಏರಿದಷ್ಟೂ ನುಣುಪು) ಹಾಕಿ ಶುರು ಮಾಡಿದೆ. ಎರಡು ನಿಮಿಷಕ್ಕೆ ಹಾಳೆ ಸತ್ತಿತು. ತಿಕ್ಕಿದ ಬಿಸಿಗೆ ರಾಳ ಕರಗಿ ಹಾಳೆಗೆ ಬೆಲ್ಲದ ಪಾಕದ ಹಾಗೆ ಮೆತ್ತಿಕೊಂಡು, ಅದೇ ಮತ್ತೆ ಮರದ ಮೇಲೆ ಸವರಿಕೊಂಡು, ಇದ್ದ ಬಳೆಗಳೂ ಮುಚ್ಚಿಹೋದವು. ಹನ್ನೆರಡು ಹಾಳೆ ಹೀಗೆ ಹೋದವು. ಒಟ್ಟು ಹಾಳೆಗೆ ಕೊಟ್ಟ 31 ಯೂರೋದಲ್ಲಿ ಅರ್ಧ ಇಲ್ಲೇ ಮುಗಿಯಿತು.

ಮಾರನೇ ದಿನ ಹೊರಗೆ 4 ಡಿಗ್ರಿ ಚಳಿ. ಹೋಳನ್ನು ರಾತ್ರಿಯಿಡೀ ಹೊರಗೇ ಬಿಟ್ಟು, ಬೆಳಿಗ್ಗೆ ಅಂಗಳದಲ್ಲೇ ಕೂತು ಕೈಯಲ್ಲಿ ಉಜ್ಜಿದೆ. ರಾಳ ಗಟ್ಟಿಯಾಗಿದ್ದರೆ ಪುಡಿಯಾಗಿ ಉದುರುತ್ತದೆ. 80, 120, 220, 400, 600. ಒಂದು ಹಾಳೆಯ ಗೀರು ಪೂರ್ತಿ ಹೋಗುವವರೆಗೆ ಮುಂದಿನದಕ್ಕೆ ಹೋಗಬಾರದು. ನಾನು 120ರಲ್ಲಿ ಅವಸರ ಮಾಡಿ 400ರಿಂದ ವಾಪಸ್ 120ಕ್ಕೆ ಬಂದೆ. ಒಟ್ಟು ಒಂಬತ್ತು ಗಂಟೆ. ಬೆರಳ ತುದಿಯ ಚರ್ಮವೂ ನುಣುಪಾಗಿ ಎರಡು ದಿನ ಫೋನ್ ಬೆರಳಚ್ಚು ಒಪ್ಪಲಿಲ್ಲ.

ಮಾರ್ಚ್ 1ರಿಂದ 9: ಎಣಿಕೆ

ತಿಳಿ ಪಟ್ಟಿ ಬೇಸಿಗೆ ಶುರುವಿನ ಬೆಳವಣಿಗೆ, ಗಾಢ ಪಟ್ಟಿ ಬೇಸಿಗೆ ಕೊನೆಯದು. ಎರಡೂ ಸೇರಿದರೆ ಒಂದು ಬಳೆ, ಒಂದು ವರ್ಷ. ಹೋಳು 2ರ ಮೇಲೆ ತಿರುಳಿನಿಂದ ಅಂಚಿಗೆ ಪೆನ್ಸಿಲಿನಲ್ಲಿ ಮೂರು ಗೆರೆ ಎಳೆದು, ಹತ್ತು ಬಳೆಗೊಂದು ಗುಂಡುಪಿನ್ ಚುಚ್ಚುತ್ತಾ ಎಣಿಸಿದೆ. ಬಂದದ್ದು 137, 134, 131.

ಒಂದೇ ಮರಕ್ಕೆ ಮೂರು ವಯಸ್ಸು! ಮೊದಲು ನನ್ನ ಕಣ್ಣಿನ ತಪ್ಪು ಅಂದುಕೊಂಡು ಮತ್ತೆ ಎಣಿಸಿದೆ. ಅದೇ ಬಂತು. ಆಮೇಲೆ ಗ್ರಾಫ್ ಹಾಳೆಯನ್ನು ಉದ್ದುದ್ದ ಪಟ್ಟಿ ಕತ್ತರಿಸಿ, ಪ್ರತಿ ಗೆರೆಗೂ ಒಂದರಂತೆ, ತೀರಾ ಸಣ್ಣ ಬಳೆ ಬಂದ ಕಡೆ ಉದ್ದ ಗೀಟು ಹಾಕಿ, ಮೂರು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಸರಿಸಿ ನೋಡಿದೆ. ಎಲ್ಲಿ ತಪ್ಪುತ್ತಿದೆ ಅಂತ ಆಗ ಕಂಡಿತು. ಮೊದಲ ಗೆರೆಯಲ್ಲಿ 14 ಸಣ್ಣ ಬಳೆ ಒತ್ತೊತ್ತಾಗಿ ಇದ್ದ ಜಾಗದಲ್ಲಿ ಎರಡನೇ ಗೆರೆಯಲ್ಲಿ 11, ಮೂರನೆಯದರಲ್ಲಿ 9 ಮಾತ್ರ. ಮೂರನೆಯದರಲ್ಲಿ ಅಂಚಿನ ಹತ್ತಿರ ಇನ್ನೂ ಒಂದು ನಾಪತ್ತೆ. ಕಷ್ಟದ ವರ್ಷಗಳಲ್ಲಿ ಮರ ಸುತ್ತಲೂ ಪೂರ್ತಿ ಬಳೆ ತೊಡುವುದಿಲ್ಲ, ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲ. ಒಂದೇ ಗೆರೆಯಲ್ಲಿ ಎಣಿಸಿ ಇಷ್ಟು ವರ್ಷ ಅಂತ ಹೇಳುವವರನ್ನು ಇನ್ನು ನಾನು ನಂಬುವುದಿಲ್ಲ.

ಅಗಲ ಅಳೆಯಲು 25 ಯೂರೋದ ಹಳೇ ಫ್ಲಾಟ್‌ಬೆಡ್ ಸ್ಕ್ಯಾನರ್, 1200 ಡಿಪಿಐ. ಅಂದರೆ ಮಿಲಿಮೀಟರಿಗೆ 47 ಚುಕ್ಕೆ, 0.3 ಮಿ.ಮೀ. ಬಳೆಗೂ 14 ಚುಕ್ಕೆ ಸಿಗುತ್ತದೆ, ಸಾಕು. ಅಳತೆಗೆ ಇಮೇಜ್‌ಜೆ ಅನ್ನುವ ಪುಕ್ಕಟೆ ಸಾಫ್ಟ್‌ವೇರ್. ಮೊದಲ ಗೆರೆಯ ಲೆಕ್ಕ:

ಮೊದಲ 22 ವರ್ಷ: ಸರಾಸರಿ 1.8 ಮಿ.ಮೀ.
ಮುಂದಿನ 58: 1.2
ಮುಂದಿನ 14: 0.3
ಮುಂದಿನ 20: 0.9
ಕೊನೆಯ 23: 0.4

ಒಟ್ಟು 137. ಇಲ್ಲಿಗೆ ಹೋಳು 2 ಮುಗಿಯಿತು. ಹೋಳು 3ರ ಪಟ್ಟಿಯನ್ನು ಇದರ ಪಕ್ಕ ಇಟ್ಟಾಗ ಆ 14 ಸಣ್ಣ ಬಳೆ ಸರಿಯಾಗಿ ಕೂತವು, ಆದರೆ ಹೋಳು 3 ಅಂಚಿನ ಕಡೆ ಇನ್ನೂ 9 ಬಳೆ ಮುಂದಕ್ಕೆ ಹೋಯಿತು. ಆ ಒಂಬತ್ತು ವರ್ಷವನ್ನು ನಾನು ತಂತಿ ಬ್ರಷ್‌ನಲ್ಲಿ ಉಜ್ಜಿ ಚರಂಡಿಗೆ ಬಿಟ್ಟಿದ್ದೆ. ಒಟ್ಟು 146 ವರ್ಷ. ಬೀಜ ಮೊಳೆತದ್ದು ಅದಕ್ಕೂ ಕೆಲವು ವರ್ಷ ಹಿಂದೆ, ಯಾಕೆಂದರೆ ಹೋಳು ತೆಗೆದದ್ದು ಬುಡಕ್ಕಿಂತ ಮೇಲೆ.

ಆ ಕೊನೆಯ ಒಂಬತ್ತು ಬಳೆ ಒಂದೊಂದೂ ಸುಮಾರು 0.2 ಮಿ.ಮೀ. ತೊಗಟೆಗೆ ಅಂಟಿದ ಕಟ್ಟಕಡೆಯ ಬಳೆಗೆ ಗಾಢ ಪಟ್ಟಿಯೂ ಇದೆ, ಅಂದರೆ ಆ ವರ್ಷದ ಬೆಳವಣಿಗೆ ಮುಗಿಸಿದ ಮೇಲೆ, ಮುಂದಿನ ವಸಂತಕ್ಕೆ ಮೊದಲು ಮರ ಸತ್ತಿತು. ಗಾಳಿಗೆ ಒಮ್ಮೆಲೇ ಬಿದ್ದ ಮರಕ್ಕೆ ಇಂಥ ಕೊನೆಯ ಬಳೆಗಳು ಇರುವುದಿಲ್ಲ. ಇದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೊರಗುತ್ತಾ ಹೋಗಿದೆ.

ಇದರಿಂದ ಏನು ಗೊತ್ತಾಯಿತು, ಏನು ಆಗಲಿಲ್ಲ

ನನ್ನ ಓದು ಹೀಗೆ. ಮರ ಹುಟ್ಟಿದಾಗ ಜೌಗಿನ ಮೇಲ್ಮೈ ಚೆನ್ನಾಗಿ ಒಣಗಿತ್ತು. ಎಂಬತ್ತು ವರ್ಷ ನೆಮ್ಮದಿ. ಆಮೇಲೆ ಹದಿನಾಲ್ಕು ವರ್ಷ ಏನೋ ಕೆಟ್ಟಿತು, ಬಹುಶಃ ನೀರು ಬೇರಿನ ಮಟ್ಟಕ್ಕೆ ಬಂತು. ಮತ್ತೆ ಇಳಿಯಿತು, ಇಪ್ಪತ್ತು ವರ್ಷ ಸುಧಾರಿಸಿತು. ಎರಡನೇ ಸಲ ಏರಿದ ನೀರು ಇಳಿಯಲಿಲ್ಲ. ಬುಡ ಬೇಗ ಪೀಟ್‌ನೊಳಗೆ ಹೋದದ್ದಕ್ಕೆ ಉಳಿಯಿತು, ಮೇಲಿನ ಕಾಂಡ ಗಾಳಿಯಲ್ಲಿ ಕೊಳೆತು ಹೋಯಿತು. ಪೆನ್ಸಿಲ್ ತುದಿ ಆದದ್ದು ಹಾಗೆ.

ಆದರೆ ಒಂದು ಮರದ ಮಾತು ಒಬ್ಬ ಸಾಕ್ಷಿಯ ಮಾತಿದ್ದ ಹಾಗೆ. ಚಳಿಯ ಬೇಸಿಗೆಗೂ, ಹುಳ ಬಿದ್ದರೂ, ಪಕ್ಕದ ಮರ ನೆರಳು ಮಾಡಿದರೂ ಬಳೆ ಸಣ್ಣಗಾಗುತ್ತದೆ. ಅದಕ್ಕೇ ಈ ಕೆಲಸ ಮಾಡುವವರು ಹತ್ತಾರು ಬೊಡ್ಡೆ ಸೇರಿಸುತ್ತಾರೆ. ಸ್ಕಾಟ್ಲೆಂಡಿನ ತೀರಾ ಉತ್ತರದಲ್ಲಿ ಈಗ ಬೋಳು ಜೌಗು ಇರುವ ಕಡೆ ಸಿಕ್ಕ ಇಂಥದೇ ಬೊಡ್ಡೆಗಳನ್ನು ಗಿಯರ್ ಮತ್ತು ಹಂಟ್ಲಿ ಅನ್ನುವವರು ಅಧ್ಯಯನ ಮಾಡಿ 1991ರಲ್ಲಿ ಪ್ರಕಟಿಸಿದರು. ಸುಮಾರು 4,000 ವರ್ಷ ಹಿಂದೆ ಪೈನ್ ಕಾಡು 70ರಿಂದ 80 ಕಿ.ಮೀ. ಉತ್ತರಕ್ಕೆ ಹಬ್ಬಿ, ಬರೀ ನಾಲ್ಕು ಶತಮಾನ ಇದ್ದು, ಹಾಗೇ ವಾಪಸ್ ಸರಿಯಿತು. ಪೀಟ್‌ನಲ್ಲಿ ಉಳಿದ ಪರಾಗ ಎಣಿಸಿ ಹಿಂದಿನ ಕಾಡಿನ ಲೆಕ್ಕ ಹಾಕಿದವರಿಗೆ ಅಲ್ಲಿ ಕಾಡಿತ್ತು ಅನ್ನುವುದೇ ಗೊತ್ತಾಗಿರಲಿಲ್ಲ, ಬೊಡ್ಡೆ ಹೇಳಿತು. ಇನ್ನೂ ದೊಡ್ಡ ಸುದ್ದಿ 2023ರದು: ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಡ್ರೂಜೆ ನದಿಯ ದಂಡೆ ಕೊರೆದು ಸಿಕ್ಕ ಪೈನ್‌ಗಳ ಬಳೆ ಬಳೆಯಲ್ಲೂ ಇಂಗಾಲ ಅಳೆದಾಗ, 14,300 ವರ್ಷ ಹಿಂದಿನ ಒಂದು ಬಳೆಯಲ್ಲಿ ರೇಡಿಯೋಕಾರ್ಬನ್ (ವಿಕಿರಣ ಸೂಸುವ ಇಂಗಾಲ) ಒಮ್ಮೆಲೇ ಜಿಗಿದಿತ್ತು. ಅದು ಭಾರೀ ಸೌರ ಬಿರುಗಾಳಿಯ ಗುರುತು ಅನ್ನುತ್ತಾರೆ. ಒಂದು ಮರದ ಒಂದು ವರ್ಷದ ಬಳೆಯಲ್ಲಿ ಸೂರ್ಯನ ಸಿಟ್ಟು ದಾಖಲಾಗಿದೆ. ಇದನ್ನು ಓದಿದ ಮೇಲೆ ನನ್ನ ಒಂಬತ್ತು ಬಳೆ ನೆನೆದು ಇನ್ನೂ ಹೊಟ್ಟೆ ಉರಿಯಿತು.

ಕಾಲ ಯಾವುದು ಅಂತ ಮಾತ್ರ ಹೇಳಲಾರೆ. ಬಳೆ ಎಣಿಸಿದರೆ ಎಷ್ಟು ವರ್ಷ ಬದುಕಿತು ಅಂತ ಗೊತ್ತಾಗುತ್ತದೆ, ಯಾವಾಗ ಬದುಕಿತು ಅಂತ ಅಲ್ಲ. ಓಕ್ ಆಗಿದ್ದರೆ ಬೇರೆ ಮಾತು, ಬೆಲ್ಫಾಸ್ಟಿನವರೂ ಜರ್ಮನಿಯವರೂ ಸೇರಿ 1984ರಲ್ಲೇ 7,272 ವರ್ಷಗಳ ಓಕ್ ಬಳೆಗಳನ್ನು ಒಂದಕ್ಕೊಂದು ಜೋಡಿಸಿ ಇಟ್ಟಿದ್ದಾರೆ. ಓಕ್ ಹೋಳನ್ನು ಆ ಸಾಲಿಗೆ ಹೊಂದಿಸಿ ನೋಡಿದರೆ ಕಾಲ ಸಿಗುತ್ತದೆ, ನನ್ನ ಒಂದೇ ಪೈನ್ ತಂದು ಹೊಂದಿಸುವುದು ಕಷ್ಟ. ನಮ್ಮ ಮೇಯೊದಲ್ಲೇ ಕೇಯ್ಜೆ ಫೀಲ್ಡ್ಸ್ ಅನ್ನುವ ಜಾಗ ಇದೆ, ಪೀಟ್ ಕೆಳಗೆ ಹೂತುಹೋದ ಕಲ್ಲು ಬೇಲಿಯ ಹೊಲಗಳು. ಟರ್ಫ್ ಕೊಯ್ಯುವಾಗ ಕಂಡ ಕಲ್ಲು ಸಾಲುಗಳನ್ನು 1930ರ ದಶಕದಲ್ಲಿ ಮೊದಲು ಗಮನಿಸಿದ್ದು ಪ್ಯಾಟ್ರಿಕ್ ಕಾಲ್‌ಫೀಲ್ಡ್ ಅನ್ನುವ ಮೇಷ್ಟ್ರು. ಅಲ್ಲಿಯ ಕಟ್ಟಡದ ನಡುವೆ ಸುಮಾರು 4,300 ವರ್ಷ ಹಳೆಯ ಸ್ಕಾಟ್ಸ್ ಪೈನ್ ನಿಲ್ಲಿಸಿದ್ದಾರೆ. ಕಳೆದ ಭಾನುವಾರ ಹೋಗಿ ನೋಡಿಬಂದೆ. ಬೇರು ನೋಡಿದರೆ ನನ್ನದರ ಅಣ್ಣನ ಹಾಗಿದೆ. ಅಜ್ಜ ನನ್ನದಕ್ಕೂ ಅಷ್ಟೇ ವಯಸ್ಸು ಅಂತ ಊರಿಡೀ ಹೇಳುತ್ತಿದ್ದಾರೆ. ನಾನು ತಲೆಯಾಡಿಸುತ್ತಿಲ್ಲ. ರೇಡಿಯೋಕಾರ್ಬನ್ ಅಳೆಸಿ ಕಾಲ ಗೊತ್ತುಮಾಡಿಸಲು ನೂರಾರು ಯೂರೋ ಬೇಕು, ಮಾಡಿಸಿದರೆ ಹೋಳು 1ರ ಒಡೆದ ತುಂಡು ಅದಕ್ಕೆ ಆಗುತ್ತದೆ. ಹಾಳಾದದ್ದಕ್ಕೂ ಒಂದು ಕೆಲಸ ಉಳಿದಿದೆ.

ಸದ್ಯದ ಸ್ಥಿತಿ

ಹೋಳು 2 ಮೇಜಿನ ಮೇಲಿದೆ, ಎಣ್ಣೆ ಹಚ್ಚಿಲ್ಲ, ಹಚ್ಚುವುದಿಲ್ಲ. ಹೋಳು 3 ಇನ್ನೂ ಫ್ರೀಜರ್‌ನಲ್ಲೇ ಇದೆ. ಅದನ್ನು ಹೊರಗಿಟ್ಟರೆ ತೊಗಟೆಯ ಕಡೆ ಕುಗ್ಗಿ ಒಡೆಯುತ್ತದೆ ಅನ್ನುವ ಹೆದರಿಕೆ. ಮೊನ್ನೆ ಸುಮ್ನೆ ತೂಗಿ ನೋಡಿದೆ. ಪ್ಲಾಸ್ಟಿಕ್ ತೆಗೆದು ಬರೀ ಪೇಪರ್ ಸುತ್ತಿ ಇಟ್ಟ ಮೇಲೆ ಐದು ತಿಂಗಳಲ್ಲಿ 190 ಗ್ರಾಂ ಇಳಿದಿದೆ, ಒಂದೂ ಬಿರುಕಿಲ್ಲ. ಮಂಜುಗಡ್ಡೆ ಕರಗದೆ ನೇರ ಆವಿಯಾಗಿ ಹೋಗುತ್ತಿದೆ, ಫ್ರೀಜರ್‌ನಲ್ಲಿ ಮರೆತ ಬಟಾಣಿ ಸುಕ್ಕಾಗುತ್ತದಲ್ಲ, ಹಾಗೆ. ಇದೇ ವೇಗದಲ್ಲಿ ಹೋದರೆ ಒಣಗಲು ಇನ್ನೂ ಎರಡು ವರ್ಷಕ್ಕೂ ಜಾಸ್ತಿ. ಕಾಯಿಗೆ ವಾಸನೆ ಬಂದಿಲ್ಲ ಅಂತ ನಾನು, ಬಂದಿದೆ ಅಂತ ನಮ್ಮವರು. ಯುಗಾದಿಗೆ ಮಾಡಿದ ಚಿತ್ರಾನ್ನ ಇಬ್ಬರೂ ತಿಂದೆವು. ಹೋಳು ಅಲ್ಲೇ ಇದೆ, ತಿಂಗಳಿಗೊಮ್ಮೆ ತೂಗುತ್ತಿದ್ದೇನೆ.